ನಾಳೆ ಯಾರು ರನ್ ಹೊಡೆಯುತ್ತಾರೆ?

ಬೇಸಿಗೆ ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಬಿಸಿಗಳು ಒಟ್ಟಿಗೆ ಏರುತ್ತವೆ. ಒಂದು ಬಿಸಿಲಿನದು, ಇನ್ನೊಂದು ಐಪಿಎಲ್ ಕ್ರಿಕೆಟ್‌ನದು. ಹುನಗುಂದದ ಬಸ್ ನಿಲ್ದಾಣದಲ್ಲಿ, ಬಾದಾಮಿಯ ಗುಹೆಗಳ ಮುಂದಿನ ಎಳನೀರಿನ ಗಾಡಿಗಳ ಬಳಿ, ಇಳಕಲ್ಲಿನ ಮಗ್ಗದ ಮನೆಗಳ ಕಟ್ಟೆಯ ಮೇಲೆ, ಬಾಗಲಕೋಟೆಯ ನವನಗರದ ಚಹಾದಂಗಡಿಗಳಲ್ಲಿ ಎಲ್ಲೆಲ್ಲೂ ಅದೇ ಮಾತು. ಮೊದಲೆಲ್ಲ ಆ ಮಾತು 'ಇವತ್ತ ಯಾರ ಗೆಲ್ತಾರ?' ಎಂದಿರುತ್ತಿತ್ತು. ಬರಬರುತ್ತಾ 'ಇವತ್ತ ಯಾರನ್ನ ಕ್ಯಾಪ್ಟನ್ ಮಾಡೀದಿ?' ಎಂದಾಯಿತು. ಮೊದಲನೆಯದು ಆಟ ನೋಡುವವನ ಪ್ರಶ್ನೆ. ಎರಡನೆಯದು ಮೊಬೈಲಿನಲ್ಲಿ ತಂಡ ಕಟ್ಟಿ ಹಣ ಹಾಕಿದವನ ಪ್ರಶ್ನೆ.

ಹುನಗುಂದದಲ್ಲಿರುವ ನನ್ನ ಅಕ್ಕನ ಮಗನೂ ಈ ಎರಡನೆಯ ಗುಂಪಿಗೆ ಸೇರಿದ್ದ. ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ಬೀಡಿ ಸೇದುವವನಲ್ಲ, ಕೆಟ್ಟ ಗೆಳೆಯರಿಲ್ಲ, ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಮಾಡುವವನಲ್ಲ. 2024ರ ಐಪಿಎಲ್ ಮುಗಿಯುವ ಹೊತ್ತಿಗೆ ಅವನು 46 ಸಾವಿರ ರೂಪಾಯಿ ಕಳೆದುಕೊಂಡಿದ್ದ. ಅದು ಅವನ ಸಂಬಳದ ಹಣ ಮಾತ್ರ ಆಗಿರಲಿಲ್ಲ. ಅಕ್ಕ ಹೊಲಿಗೆ ಯಂತ್ರ ತುಳಿದು, ಮಗಳ ನರ್ಸಿಂಗ್ ಕೋರ್ಸಿನ ಶುಲ್ಕಕ್ಕೆಂದು ಕೂಡಿಟ್ಟು, ಮಗನ ಬ್ಯಾಂಕ್ ಖಾತೆಯಲ್ಲಿ ಇಡಲು ಕೊಟ್ಟಿದ್ದ ಹಣವೂ ಅದರಲ್ಲಿತ್ತು.

ವಿಷಯ ಗೊತ್ತಾದ ದಿನ ಮನೆಯಲ್ಲಿ ಆಗಬೇಕಾದದ್ದೆಲ್ಲ ಆಯಿತು. ಅಕ್ಕ ಅತ್ತರು. ಭಾವ ಮಾತು ಬಿಟ್ಟರು. ಹಿರಿಯರೊಬ್ಬರು ಇದು ಜೂಜು, ಇದು ಹರಾಮ್ ಎಂದು ಗಟ್ಟಿಯಾಗಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಹುಡುಗ ತಲೆ ತಗ್ಗಿಸಿ ಕುಳಿತಿದ್ದನೇ ಹೊರತು ಒಪ್ಪಿರಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ನನ್ನ ಬಳಿ ಬಂದು, "ಮಾಮು, ಇದು ಜೂಜಲ್ಲ, ಇದು ಲೆಕ್ಕ. ನನ್ನ ಲೆಕ್ಕ ಎಲ್ಲೋ ತಪ್ಪಿದೆ, ಅಷ್ಟೇ. ಸರಿಪಡಿಸಿದರೆ ಹೋದ ಹಣ ವಾಪಸ್ ಬರುತ್ತದೆ" ಎಂದ.

ಈ ಮಾತು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಜೂಜಾಡುತ್ತಿದ್ದೇನೆಂದು ತಿಳಿದವನು ಒಂದು ದಿನ ನಾಚಿ ಬಿಟ್ಟಾನು. ಗಣಿತ ಮಾಡುತ್ತಿದ್ದೇನೆಂದು ತಿಳಿದವನು ಯಾಕೆ ಬಿಡುತ್ತಾನೆ? ಅವನೊಡನೆ ಅವನ ಭಾಷೆಯಲ್ಲೇ ಮಾತಾಡಬೇಕಿತ್ತು.

ನಾನು ಮದ್ರಸದಲ್ಲಿ ಓದಿದವನು. ಅಲ್ಲಿ 'ಸಿರಾಜಿ' ಎಂಬ ಗ್ರಂಥದ ಮೂಲಕ ಉತ್ತರಾಧಿಕಾರದ ಪಾಲುಗಳ ಲೆಕ್ಕ ಕಲಿಸುತ್ತಾರೆ. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಹೀಗೆ ಭಿನ್ನರಾಶಿಗಳನ್ನು ಕೂಡಿಸಿ ಕಳೆದು ಕೊನೆಯ ಪೈಸೆಯವರೆಗೆ ಹಂಚಬೇಕು. ಬೀಜಗಣಿತಕ್ಕೆ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿಯವರ ಪುಸ್ತಕದ ದೊಡ್ಡ ಭಾಗವೊಂದು ಇದೇ ಪಾಲುಗಳ ಲೆಕ್ಕಕ್ಕೆ ಮೀಸಲಾಗಿದೆ. ಇಂದು ಕಂಪ್ಯೂಟರಿನವರು ಬಾಯಿತುಂಬ ಹೇಳುವ 'ಅಲ್ಗಾರಿದಮ್' ಎಂಬ ಪದ ಅವರ ಹೆಸರಿನಿಂದಲೇ ಬಂದದ್ದು. ಆಮೇಲೆ ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಾಹ್ಯ ವಿದ್ಯಾರ್ಥಿಯಾಗಿ ಬಿ.ಎ. ಮಾಡುವಾಗ ಅರ್ಥಶಾಸ್ತ್ರದ ಜೊತೆ ಒಂದಿಷ್ಟು ಸಂಖ್ಯಾಶಾಸ್ತ್ರವನ್ನೂ ಓದಿದೆ. ಪಾಲಿನ ಲೆಕ್ಕದಲ್ಲಿ ಎಂಟನೇ ಒಂದು ಎಂದರೆ ಎಂಟನೇ ಒಂದೇ. ಸಂಖ್ಯಾಶಾಸ್ತ್ರದ ಭಿನ್ನರಾಶಿ ಹಾಗಲ್ಲ. ಅದು 'ಆಗಬಹುದು' ಎನ್ನುತ್ತದೆ, 'ಆಗುತ್ತದೆ' ಎನ್ನುವುದಿಲ್ಲ. ಅಳಿಯನಿಗೆ ತಿಳಿಸಬೇಕಾಗಿದ್ದದ್ದು ಈ ವ್ಯತ್ಯಾಸವನ್ನೇ.

ಅವನು ತನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಸುಳ್ಳು ಹೇಳಬಾರದು, ಕೆಲಸ ಅಚ್ಚುಕಟ್ಟಾಗಿತ್ತು. ಪ್ರತಿಯೊಬ್ಬ ಬ್ಯಾಟ್ಸ್‌ಮನ್‌ನ ಹಿಂದಿನ ಐದು ಪಂದ್ಯಗಳ ರನ್, ಎಡಗೈ ಬೌಲರ್ ಎದುರು ಎಷ್ಟು, ಸ್ಪಿನ್ ಎದುರು ಎಷ್ಟು, ಯಾವ ಮೈದಾನದಲ್ಲಿ ಎಷ್ಟು, ಮೊದಲು ಆಡಿದಾಗ ಎಷ್ಟು, ಎರಡನೆಯದಾಗಿ ಆಡಿದಾಗ ಎಷ್ಟು. ಎಲ್ಲಕ್ಕೂ ತೂಕ ಕೊಟ್ಟು ಕೊನೆಗೆ ಒಂದು ಅಂಕಿ ತೆಗೆಯುತ್ತಿದ್ದ. "ಅಮೆರಿಕದಲ್ಲಿ ಬೇಸ್‌ಬಾಲ್‌ಗೆ ಹೀಗೇ ಮಾಡುತ್ತಾರೆ, ಮಾಮು. ದೊಡ್ಡ ದೊಡ್ಡ ವಿಜ್ಞಾನಿಗಳೇ ಮಾಡುತ್ತಾರೆ" ಎಂದ. ಹಾಗಾದರೆ ಆ ಬೇಸ್‌ಬಾಲ್‌ನ ಕತೆಯನ್ನೇ ನೋಡೋಣ ಎಂದೆ. ನಾವಿಬ್ಬರೂ ಕೂಡಿ ಓದಿ ತಿಳಿದದ್ದನ್ನು ಓದುಗರಿಗೂ ಹೇಳುತ್ತೇನೆ.

ಬೇಸ್‌ಬಾಲ್ ನಮ್ಮ ಕ್ರಿಕೆಟ್‌ನ ದೂರದ ಸಂಬಂಧಿ. ಚೆಂಡನ್ನು ಹೊಡೆದು ಔಟಾಗದೆ ಮೊದಲ ಬೇಸ್ ಮುಟ್ಟಿದರೆ ಅದನ್ನು 'ಹಿಟ್' ಎನ್ನುತ್ತಾರೆ. ಹತ್ತು ಅವಕಾಶಗಳಲ್ಲಿ ಮೂರು ಹಿಟ್ ಗಳಿಸಿದವನು ಅಲ್ಲಿ ಉತ್ತಮ ಆಟಗಾರ. ಒಂದು ಪಂದ್ಯದಲ್ಲಿ ಅವನಿಗೆ ಸುಮಾರು ನಾಲ್ಕು ಅವಕಾಶ ಸಿಗುತ್ತವೆ. 1941ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮಾಜಿಯೊ ಎಂಬವರು ಸತತ 56 ಪಂದ್ಯಗಳಲ್ಲಿ ಒಂದಾದರೂ ಹಿಟ್ ಗಳಿಸಿದರು. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಅದರ ನೆನಪಿಗೆ ಅಲ್ಲಿನ ಬೇಸ್‌ಬಾಲ್ ಲೀಗಿನವರು 2001ರಲ್ಲಿ ಒಂದು ಸ್ಪರ್ಧೆ ಶುರುಮಾಡಿದರು. ಇಂದು ಹಿಟ್ ಗಳಿಸುವ ಆಟಗಾರ ಯಾರೆಂದು ಮೊದಲೇ ಹೇಳಬೇಕು. ಅಂಥ ಊಹೆ ಸತತ 57 ಸಲ ಸರಿಯಾದರೆ 56 ಲಕ್ಷ ಡಾಲರ್ ಬಹುಮಾನ. ಪ್ರವೇಶ ಶುಲ್ಕವಿಲ್ಲ. ಎಲ್ಲರೂ ಅದೇ ಆಟಗಾರನನ್ನು ಆರಿಸಬೇಕೆಂದಿಲ್ಲ, ದಿನಕ್ಕೊಬ್ಬರನ್ನು ಬದಲಾಯಿಸಬಹುದು, ಮನಸ್ಸಿಲ್ಲದ ದಿನ ಸುಮ್ಮನಿರಬಹುದು. ಇಷ್ಟೆಲ್ಲ ಅನುಕೂಲವಿದ್ದೂ, ಕಂಪ್ಯೂಟರ್ ಮಾದರಿಗಳನ್ನು ಕಟ್ಟಿದವರೂ ಸೇರಿ ಲಕ್ಷಾಂತರ ಮಂದಿ ಪ್ರಯತ್ನಿಸಿದರೂ, ಎರಡು ದಶಕ ಕಳೆದರೂ ಒಬ್ಬರೂ 57 ಮುಟ್ಟಲಿಲ್ಲ.

ಯಾಕೆ? ಲೆಕ್ಕ ನಮ್ಮ ಹೈಸ್ಕೂಲು ಮಕ್ಕಳೂ ಮಾಡುವಷ್ಟು ಸರಳ. ಒಂದು ಅವಕಾಶದಲ್ಲಿ ಹಿಟ್ ತಪ್ಪುವ ಸಂಭವ ಹತ್ತರಲ್ಲಿ ಏಳು. ನಾಲ್ಕೂ ತಪ್ಪುವ ಸಂಭವ 0.7ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ನೂರರಲ್ಲಿ 24. ಹಾಗಾದರೆ ಒಂದಾದರೂ ಹಿಟ್ ಬರುವ ಸಂಭವ ನೂರರಲ್ಲಿ 76. ಒಳ್ಳೆಯ ಮಾದರಿ ಕಟ್ಟಿ, ಮೊದಲ ಕ್ರಮಾಂಕದಲ್ಲಿ ಆಡುವವನನ್ನು, ದುರ್ಬಲ ಎಸೆತಗಾರನ ಎದುರು ಇರುವವನನ್ನು ಹುಡುಕಿ ಆರಿಸಿ ಇದನ್ನು 80ಕ್ಕೆ ಏರಿಸಿದಿರಿ ಎಂದುಕೊಳ್ಳಿ. ನೂರಕ್ಕೆ 80 ಸರಿ ಎಂದರೆ ಯಾರಾದರೂ ಭೇಷ್ ಎನ್ನುತ್ತಾರೆ. ಆದರೆ ಎರಡು ದಿನ ಸತತ ಸರಿಯಾಗುವ ಸಂಭವ 64ಕ್ಕೆ ಇಳಿಯಿತು. ಹತ್ತು ದಿನಕ್ಕೆ ಸುಮಾರು 11. ಐವತ್ತೇಳು ದಿನಕ್ಕೆ? ಮೂರು ಲಕ್ಷಕ್ಕೂ ಹೆಚ್ಚು ಪ್ರಯತ್ನಗಳಲ್ಲಿ ಒಂದು. 85ಕ್ಕೆ ಏರಿಸಿದರೂ ಹತ್ತು ಸಾವಿರಕ್ಕೆ ಒಂದು.

ಅಳಿಯ ಈ ಗುಣಾಕಾರವನ್ನು ತಾನೇ ಮಾಡಿ ನೋಡಿದ. ಮತ್ತೊಮ್ಮೆ ಮಾಡಿದ. ಅವನು ಸುಮ್ಮನಾದದ್ದನ್ನು ಅಂದು ಮೊದಲ ಬಾರಿಗೆ ಕಂಡೆ.

ಸತತ ಯಶಸ್ಸಿನ ಸರಪಳಿ ನಮ್ಮಲ್ಲೂ ಇದೆ. ನಮ್ಮ ಕರ್ನಾಟಕದ ರಾಹುಲ್ ದ್ರಾವಿಡ್ 1999ರಿಂದ 2004ರವರೆಗೆ ಸತತ 120 ಏಕದಿನ ಇನ್ನಿಂಗ್ಸ್‌ಗಳಲ್ಲಿ ಒಮ್ಮೆಯೂ ಸೊನ್ನೆಗೆ ಔಟಾಗಲಿಲ್ಲ. ಒಬ್ಬ ಆಟಗಾರ ಇಪ್ಪತ್ತು ಸಲಕ್ಕೊಮ್ಮೆ ಮಾತ್ರ ಸೊನ್ನೆಗೆ ಔಟಾಗುತ್ತಾನೆ ಎಂದುಕೊಂಡರೂ ಅಂಥ 120ರ ಸಾಲು ಸಿಗುವುದು ಸುಮಾರು ಐನೂರರಲ್ಲಿ ಒಂದು ಸಲ. ಆ ಸಾಲು ಆರಂಭವಾದ ದಿನ ಇದು 120 ಮುಟ್ಟುತ್ತದೆ ಎಂದು ಯಾವ ಲೆಕ್ಕವೂ ಹೇಳಲಾರದು. ಮುಗಿದ ಮೇಲೆ ಎಲ್ಲರೂ ಹೇಳುತ್ತಾರೆ. ಇನ್ನು ಬೆಂಗಳೂರು ತಂಡದ ಅಭಿಮಾನಿಗಳಿಗೆ ಏಪ್ರಿಲ್ 23 ಎಂಬ ತಾರೀಖು ಮರೆಯುವಂಥದ್ದಲ್ಲ. 2013ರ ಆ ದಿನ ಕ್ರಿಸ್ ಗೇಲ್ ಔಟಾಗದೆ 175 ಹೊಡೆದು ತಂಡ 263 ರನ್ ಗಳಿಸಿತು. 2017ರ ಅದೇ ದಿನ ಗೇಲ್, ಕೊಹ್ಲಿ, ಡಿ ವಿಲಿಯರ್ಸ್ ಮೂವರೂ ಇದ್ದ ಅದೇ ತಂಡ ಕೋಲ್ಕತ್ತದಲ್ಲಿ 49ಕ್ಕೆ ಮುದುಡಿತು. ಒಬ್ಬರೂ ಹತ್ತು ರನ್ ಮುಟ್ಟಲಿಲ್ಲ. ಆ ದಿನ ಈ ಮೂವರನ್ನೂ ತನ್ನ ತಂಡಕ್ಕೆ ಆರಿಸಿಕೊಂಡವನ ಲೆಕ್ಕ ತಪ್ಪಿತ್ತೆನ್ನಲಾಗದು. ಲೆಕ್ಕ ಸರಿಯಿದ್ದೂ ಹಣ ಹೋಗುತ್ತಿತ್ತು.

"ಹಾಗಾದರೆ ಸಂಖ್ಯಾಶಾಸ್ತ್ರವೇ ಸುಳ್ಳೇ?" ಎಂದು ಅವನು ಕೇಳಿದ. ಖಂಡಿತ ಅಲ್ಲ. ಕೊಪ್ಪಳ ದಾಟಿದರೆ ಸಿಗುವ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಇದೇ ಶಾಸ್ತ್ರದಲ್ಲಿ ಜಗತ್ತೇ ಗೌರವಿಸುವ ಕೆಲಸ ಮಾಡಿದರು. ಸಿಕ್ಕ ಅಲ್ಪಸ್ವಲ್ಪ ಮಾಹಿತಿಯಿಂದ ಆದಷ್ಟು ಉತ್ತಮ ಅಂದಾಜು ತೆಗೆಯುವುದು ಹೇಗೆ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲೊಂದು. 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಅವರು ತೀರಿಕೊಂಡರು. ಶಾಸ್ತ್ರ ಸುಳ್ಳಲ್ಲ, ಅದು ಏನನ್ನು ಹೇಳುತ್ತದೆ ಎಂಬುದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು.

ಬೇಸ್‌ಬಾಲ್‌ನದೇ ಇನ್ನೊಂದು ಪ್ರಸಿದ್ಧ ಉದಾಹರಣೆ ಇದನ್ನು ತಿಳಿಸುತ್ತದೆ. 1970ರ ಋತುವಿನ ಆರಂಭದಲ್ಲಿ 18 ಆಟಗಾರರ ಮೊದಲ 45 ಅವಕಾಶಗಳನ್ನು ಎಫ್ರಾನ್ ಮತ್ತು ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಎತ್ತಿಕೊಂಡರು. ರಾಬರ್ಟೊ ಕ್ಲೆಮೆಂಟೆ 45ರಲ್ಲಿ 18 ಹಿಟ್ ಗಳಿಸಿದ್ದರು. ಥರ್ಮನ್ ಮನ್ಸನ್ ಗಳಿಸಿದ್ದು ಬರೀ 8. ಇಷ್ಟನ್ನೇ ನೋಡಿದವನು ಒಬ್ಬನನ್ನು ವೀರ, ಇನ್ನೊಬ್ಬನನ್ನು ನಿಷ್ಪ್ರಯೋಜಕ ಎನ್ನುತ್ತಾನೆ. ಉಳಿದ ಋತುವಿನಲ್ಲಿ ಆದದ್ದೇನು? ಕ್ಲೆಮೆಂಟೆಯ ಸರಾಸರಿ 0.346, ಮನ್ಸನ್‌ನದು 0.316. ಹೆಚ್ಚುಕಡಿಮೆ ಅಕ್ಕಪಕ್ಕ! ಮೇಲಿದ್ದವನು ಇಳಿದ, ಕೆಳಗಿದ್ದವನು ಏರಿದ. ಆದ್ದರಿಂದ ಪ್ರತಿಯೊಬ್ಬನ ಆರಂಭದ ಅಂಕಿಯನ್ನು ಇಡೀ ಗುಂಪಿನ ಸರಾಸರಿಯ ಕಡೆಗೆ ಎಳೆದು ಅಂದಾಜು ಮಾಡಿದರೆ, ಎಲ್ಲರನ್ನೂ ಒಟ್ಟಿಗೆ ನೋಡಿದಾಗ ತಪ್ಪು ಬಹಳ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಅಳಿಯನ ಮಾದರಿಯ ಬೆನ್ನೆಲುಬು 'ಹಿಂದಿನ ಐದು ಪಂದ್ಯ'. ನಲವತ್ತೈದೇ ಸಾಲದಿದ್ದಲ್ಲಿ ಐದು ಎಲ್ಲಿಯ ಮಾತು? ಮೊಬೈಲ್ ಆಟಗಳು 'ಫಾರ್ಮ್‌ನಲ್ಲಿದ್ದಾನೆ' ಎಂದು ಹಸಿರು ಬಣ್ಣದಲ್ಲಿ ತೋರಿಸುವುದು ಹೆಚ್ಚಾಗಿ ಇಂಥದ್ದನ್ನೇ.

ಶಿಕ್ಷಕನಾಗಿ ನನಗೆ ಈ ಉದಾಹರಣೆ ಬಹಳ ಹಿಡಿಸಿತು. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಐದು ತಂದ ಮಗುವಿನ ತಂದೆ ಬಂದು "ಇಂವ ಓದೂ ಪೈಕಿ ಅಲ್ರಿ ಸರ್, ಬಿಡಿಸಿಬಿಡ್ತೇನ್ರಿ" ಎನ್ನುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಈಗ ಅವರಿಗೆ ಮನ್ಸನ್‌ನ ಕತೆ ಹೇಳುತ್ತೇನೆ. ಒಂದು ಪರೀಕ್ಷೆಯ ಅಂಕದಿಂದ ಮಗುವಿನ ಹಣೆಬರಹ ಓದಬೇಡಿ, ಇನ್ನೂ ನಾಲ್ಕು ಪರೀಕ್ಷೆ ಆಗಲಿ ಎನ್ನುತ್ತೇನೆ. ಸಂಖ್ಯಾಶಾಸ್ತ್ರ ಇಂಥಲ್ಲಿ ನಮ್ಮ ಕೈಹಿಡಿಯುತ್ತದೆ.

ಮತ್ತೆ ಅಳಿಯನ ವಿಷಯಕ್ಕೆ ಬರೋಣ. 2025ರ ಐಪಿಎಲ್‌ನಲ್ಲಿ ಅವನಿಗೆ ಒಂದು ಶರತ್ತು ಹಾಕಿದೆ. ಒಂದು ರೂಪಾಯಿಯೂ ಹಾಕಬಾರದು. ಆದರೆ 25 ಪಂದ್ಯಗಳಿಗೆ, ಆಟ ಶುರುವಾಗುವ ಮೊದಲೇ, 20 ರನ್‌ಗಿಂತ ಹೆಚ್ಚು ಹೊಡೆಯುವ ಒಬ್ಬನ ಹೆಸರನ್ನು ಶಾಯಿಯಲ್ಲಿ ಬರೆದು ನನಗೆ ಕೊಡಬೇಕು. ಎಂಟನೇ ತರಗತಿಯ ನನ್ನ ಮಗಳೂ ಒಂದು ಹೆಸರು ಬರೆಯುತ್ತಿದ್ದಳು. ಅವಳ ಮಾದರಿಯಲ್ಲಿ ಅಂಕಿಗಳಿರಲಿಲ್ಲ, ಯಾರ ಹೆಸರು ಇಷ್ಟವೋ ಅವರು. ಕೊನೆಗೆ ಅಳಿಯನದು 13 ಸರಿಯಾದವು, ಮಗಳದು 11. ಅವನ ಅತಿ ಉದ್ದದ ಸರಪಳಿ ನಾಲ್ಕು. ಮಗಳು ಒಂದು ವಾರ ಅಣ್ಣನನ್ನು ರೇಗಿಸಿದಳು. ಆದರೆ ನಾನು ಅವನಿಗೆ ಹೇಳಿದೆ: ನಿನ್ನ ಲ್ಯಾಪ್‌ಟಾಪಿನ ಬೆಲೆ ಈ ಎರಡು. ನಿನ್ನ ವಿದ್ಯೆ ಪೂರಾ ಸುಳ್ಳಲ್ಲ, ಆದರೆ ಅದರಿಂದ ಸಿಗುವ ಹೆಚ್ಚುಗಾರಿಕೆ ಇಷ್ಟೇ. ಇನ್ನೊಂದು 25 ಪಂದ್ಯ ಬಂದರೆ ಆ ಎರಡೂ ಉಳಿಯುತ್ತವೆಂಬ ಭರವಸೆಯಿಲ್ಲ.

ಈ ಸಣ್ಣ ಹೆಚ್ಚುಗಾರಿಕೆಯನ್ನು ಇಟ್ಟುಕೊಂಡು ಹಣದ ಆಟಕ್ಕೆ ಹೋದರೆ ಏನಾಗುತ್ತದೆ? ಎರಡು ತಂಡಗಳ 22 ಆಟಗಾರರಿಂದ 11 ಮಂದಿಯನ್ನು ಆರಿಸುವ ವಿಧಗಳು 7,05,432. ಅವರಲ್ಲಿ ಎರಡು ಪಟ್ಟು ಅಂಕದ ನಾಯಕ, ಒಂದೂವರೆ ಪಟ್ಟು ಅಂಕದ ಉಪನಾಯಕ ಎಂದು ಗುರುತಿಸಿದರೆ ಅದು 7 ಕೋಟಿ 75 ಲಕ್ಷ ದಾಟುತ್ತದೆ. ಆಟದ ನಿಯಮಗಳಿಂದ ಇದು ತುಸು ಕಡಿಮೆಯಾದೀತು, ಆದರೂ ಸಮುದ್ರ ಸಮುದ್ರವೇ. ಇನ್ನು ಹಣದ ಲೆಕ್ಕ. ಉದಾಹರಣೆಗೆ, ನೂರು ಜನ ತಲಾ 50 ರೂಪಾಯಿ ಹಾಕಿದರೆ 5000. ಅದರಲ್ಲಿ 4200 ಬಹುಮಾನಕ್ಕೆ, 800 ಕಂಪನಿಗೆ ಎಂದಿಟ್ಟುಕೊಳ್ಳಿ. ಯಾರು ರನ್ ಹೊಡೆದರೂ, ಯಾರು ಸೊನ್ನೆಗೆ ಔಟಾದರೂ ಆ 800 ಮಾತ್ರ ಅಲುಗುವುದಿಲ್ಲ. ಆಡುವವರೆಲ್ಲ ಸೇರಿ ಪ್ರತಿ ಪಂದ್ಯಕ್ಕೂ ತಲಾ ಎಂಟು ರೂಪಾಯಿ ಕಳೆದುಕೊಂಡೇ ಆಟ ಆರಂಭಿಸುತ್ತಾರೆ. 2025ರ ಐಪಿಎಲ್‌ನಲ್ಲಿ 74 ಪಂದ್ಯಗಳಿದ್ದವು. ಪಂದ್ಯಕ್ಕೆ ಐದು ತಂಡ ಕಟ್ಟುವವನಿಗೆ ಇದೇ ಸುಮಾರು ಮೂರು ಸಾವಿರ ರೂಪಾಯಿ. ಅಷ್ಟನ್ನು ಮೀರಿ ಗೆದ್ದರೆ ಮಾತ್ರ ಲಾಭದ ಮಾತು. ಅಲ್ಲಿ ಎದುರಿಗೆ ಕೂತಿರುವವರಲ್ಲಿ ನಮ್ಮ ಹುಡುಗನಿಗಿಂತ ದೊಡ್ಡ ಕಂಪ್ಯೂಟರ್ ಇರುವವರೂ, ಒಂದೇ ಪಂದ್ಯಕ್ಕೆ ಹತ್ತಾರು ತಂಡ ಹಾಕುವವರೂ ಇರುತ್ತಾರೆ.

ಇದು ಅದೃಷ್ಟವೋ ಕೌಶಲವೋ ಎಂಬ ವಾದ ನ್ಯಾಯಾಲಯಗಳಲ್ಲೂ ನಡೆದಿದೆ. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಇಂಥ ಆಟವನ್ನು ಕೌಶಲದ ಆಟ ಎಂದಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಅದು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣ ಹಾಕಿ ಹಣ ಪಡೆಯುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲೆ ಹೆಸರು ಬರೆಸಿಕೊಂಡಿದ್ದ ಕಂಪನಿಯೂ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.

ನಮ್ಮ ಓದುಗರಿಗೆ ಈ ಭೇದ ಬದಿಗಿಡುವುದು ಹೊಸತಲ್ಲ. ಇಸ್ಲಾಮಿಗೆ ಮುಂಚಿನ ಅರಬರು ಬಾಣಗಳನ್ನು ಎತ್ತಿ ಒಂಟೆಯ ಮಾಂಸದ ಪಾಲಿಗೆ ಪಣ ಕಟ್ಟುತ್ತಿದ್ದರು, ಅದನ್ನೇ 'ಮೈಸಿರ್' ಎನ್ನುತ್ತಿದ್ದರು. ಪವಿತ್ರ ಕುರ್‌ಆನ್ ಅದನ್ನು ಮದ್ಯದ ಜೊತೆ ಸೇರಿಸಿ ಹೇಳುವಾಗ ಅದರಲ್ಲಿ ಪ್ರಯೋಜನವೇ ಇಲ್ಲ ಎನ್ನುವುದಿಲ್ಲ. ಪ್ರಯೋಜನವನ್ನೂ ಹಾನಿಯನ್ನೂ ತೂಗಿ, ಹಾನಿಯೇ ದೊಡ್ಡದು ಎನ್ನುತ್ತದೆ. ಅಳಿಯನಿಗೆ ಈ ಆಯತ್ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ತೂಗುವುದೆಂದರೆ ಏನೆಂದು ಅವನಿಗೆ ಅರ್ಥವಾದದ್ದು ತನ್ನದೇ ಲೆಕ್ಕದ ಪುಸ್ತಕ ತೆರೆದಾಗ. ಒಂದು ಕಡೆ ಆಗೊಮ್ಮೆ ಈಗೊಮ್ಮೆ ಗೆದ್ದ ಎರಡು ಸಾವಿರ, ಮೂರು ಸಾವಿರ. ಇನ್ನೊಂದು ಕಡೆ 46 ಸಾವಿರ, ತಂಗಿಯ ಶುಲ್ಕ, ಮಾತು ಬಿಟ್ಟ ತಂದೆ.

ಕಾನೂನು ಬಂತು, ಎಲ್ಲ ಮುಗಿಯಿತು ಎಂದು ತಾಯಂದಿರು ನಿಶ್ಚಿಂತರಾಗಬಾರದು. ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ 'ಖಚಿತ ಟಿಪ್' ಎಂಬ ಸಂದೇಶಗಳು ಬರುತ್ತಲೇ ಇವೆ. ಓಣಿಯ ಬುಕ್ಕಿಗೆ ಯಾವ ಕಂಪನಿಯ ಪರವಾನಗಿಯೂ ಬೇಕಿಲ್ಲ. ಮಕ್ಕಳನ್ನು ಬೈಯುವ ಮುಂಚೆ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು, "ಎಷ್ಟು ಹಾಕಿದ್ದಿ, ಎಷ್ಟು ಬಂತು, ಬರೆದು ತೋರಿಸು" ಎಂದು ಕೇಳಿ. ಗೆದ್ದದ್ದನ್ನು ಎಲ್ಲರೂ ನೆನಪಿಟ್ಟಿರುತ್ತಾರೆ, ಸೋತದ್ದನ್ನು ಬರೆದಿಟ್ಟವರು ಕಡಿಮೆ. ಬರೆಯಲು ಕೂತರೆ ಅರ್ಧ ಕೆಲಸ ಆದಂತೆ. ಕ್ರಿಕೆಟ್ ನೋಡಬೇಡಿ ಎನ್ನುವ ಅಗತ್ಯವಿಲ್ಲ. ಹಣವಿಲ್ಲದೆ ಊಹಿಸುವುದೂ ಬುದ್ಧಿಗೆ ಒಳ್ಳೆಯ ಕಸರತ್ತೇ. ಸಂಭವನೀಯತೆಯ ಪಾಠವನ್ನು ನನ್ನ ಮಗಳು ಪುಸ್ತಕಕ್ಕಿಂತ ಚೆನ್ನಾಗಿ ಕಲಿತದ್ದು ಆ 25 ಪಂದ್ಯಗಳಲ್ಲಿ.

ಅಳಿಯನ ತಂಗಿಯ ಮೊದಲ ವರ್ಷದ ಶುಲ್ಕವನ್ನು ಕುಟುಂಬದವರು ಕೂಡಿ ಕಟ್ಟಿದೆವು. ಅವನು ಸಂಬಳದಿಂದ ತಿಂಗಳಿಗೆ ಎರಡು ಸಾವಿರದಂತೆ ತಾಯಿಗೆ ತೀರಿಸುತ್ತಿದ್ದಾನೆ. ಹಣ ಕೊಟ್ಟ ದಿನ ಅಕ್ಕನ ಹೊಲಿಗೆ ಯಂತ್ರದ ಮೇಲಿನ ಪುಸ್ತಕದಲ್ಲಿ ತಾನೇ ತಾರೀಖು ಹಾಕಿ ಬರೆಯುತ್ತಾನೆ. 46 ಸಾವಿರಕ್ಕೆ 23 ಕಂತು. ಈ ಲೆಕ್ಕದಲ್ಲಿ 'ಆಗಬಹುದು' ಎಂಬ ಮಾತಿಲ್ಲ. ಇನ್ಶಾ ಅಲ್ಲಾಹ್, ಅದು ತೀರುವ ಮೊದಲೇ ಅವನ ತಂದೆ ಅವನೊಡನೆ ಮಾತಾಡುತ್ತಾರೆಂದು ನಾನು ನಂಬಿದ್ದೇನೆ.